ಹೆಬ್ಬಾರರ ಚಿತ್ರ ಮತ್ತು ಮಗುವಿನ ವರ್ಣಪರಿಚಯ

ಆಲಂಕಾರು ಪರಿಸರದ ತುಳು ಮನೆಮಾತಿನ ಮಗುವಿಗೆ ‘ಮಂಜಲ್’ ಎಂದರೆ ಅರಿಶಿನವೂ ಹೌದು, ಹಳದಿಯೂ ಹೌದು. ಅಲ್ಲಿ ವಸ್ತುವನ್ನು ಬಿಟ್ಟು ವರ್ಣವಿಲ್ಲ. ಶಾಲೆಗೆ ಸೇರಿದ ಬಳಿಕ ಬಣ್ಣದ ಪೆಟ್ಟಿಗೆ ಕೈಗೆ ಬರುತ್ತದೆ. ವರ್ಣವು ವಸ್ತುವಿನಿಂದ ಬೇರ್ಪಟ್ಟು ಬರಿಯ ಹೆಸರಾಗುತ್ತದೆ. ಮಳೆಗಾಲದಲ್ಲಿ ಕೆಮ್ಮಣ್ಣನ್ನು ಹೊತ್ತು ಉಪ್ಪಿನಂಗಡಿಯತ್ತ ಹರಿಯುವ ಕುಮಾರಧಾರೆಯನ್ನು ಕಂಡ ಮಗುವೂ ಹಾಳೆಯ ಮೇಲೆ ಹೊಳೆಗೆ ನೀಲಿಯನ್ನೇ ಬಳಿಯುತ್ತದೆ. ಕಂಡದ್ದನ್ನು ಮರೆಸುವ ಈ ರೂಢಿಯನ್ನು ಸಣ್ಣದೆಂದು ತಳ್ಳಿಹಾಕಲಾಗದು.

ಈ ಸಂದರ್ಭದಲ್ಲಿ ನೆನೆಯಬೇಕಾದವರು ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು (1911-1996). ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ ಜನಿಸಿ, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲೂ ಮುಂದೆ ಪ್ಯಾರಿಸಿನಲ್ಲೂ ಅಭ್ಯಾಸ ಮಾಡಿದ ಅವರು ಯಕ್ಷಗಾನ, ಕೋಳಿಅಂಕ ಮೊದಲಾದ ಊರಿನ ವಸ್ತುಗಳನ್ನು ಚಿತ್ರಿಸಿದರು. ಲಯವನ್ನು ಅರಿಯಲೆಂದು ಕಥಕ್ ನೃತ್ಯವನ್ನೂ ಕಲಿತರು. ಅವರ ರೇಖಾಚಿತ್ರ ಸಂಪುಟದ ಹೆಸರು ‘ದಿ ಸಿಂಗಿಂಗ್ ಲೈನ್’, ಅಂದರೆ ಹಾಡುವ ಗೆರೆ. ಮಕ್ಕಳ ಮುಂದೆ ಇಡಲು ಈ ಎರಡು ಪದಗಳೇ ಸಾಕು. ಗೆರೆ ಹಾಡುವುದಾದರೆ ಬಣ್ಣದ ದನಿ ಯಾವುದು? ಚೆಂಡೆಯೋ, ಮದ್ದಳೆಯೋ? ಇದಕ್ಕೆ ಉತ್ತರಿಸಲು ಮಗು ಬಣ್ಣದ ಹೆಸರನ್ನು ಬಿಟ್ಟು ಚಿತ್ರವನ್ನೇ ನೋಡಬೇಕಾಗುತ್ತದೆ.

ಆದರೆ ಮುದ್ರಿತ ಚಿತ್ರದಿಂದಲೇ ಆರಂಭಿಸುವುದು ಉಚಿತವಲ್ಲ; ಅಚ್ಚಿನಲ್ಲಿ ವರ್ಣವು ಮೂಲದಂತೆ ಉಳಿಯದು. ಮೊದಲು ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿ ತೋರಿಸಬೇಕು (ಸುಣ್ಣವನ್ನು ಹಿರಿಯರೇ ಮುಟ್ಟಲಿ). ಕ್ಷಾರ ತಗಲಿದೊಡನೆ ಹಳದಿಯು ಕೆಂಪಾಗುತ್ತದೆ. ಕುರ್ದಿ ನೀರಿನ ಕೆಂಪು ಇದೇ, ನಾಗಮಂಡಲದ ಕೆಂಪೂ ಇದೇ. ಮಂಡಲದ ಹಸಿರು ಸೊಪ್ಪಿನ ಹುಡಿಯಿಂದ, ಕಪ್ಪು ಸುಟ್ಟ ಉಮಿಯಿಂದ ದೊರೆಯುತ್ತದೆ. ಭೂತಕೋಲದ ಮುಖವರ್ಣಿಕೆಯ ಅರದಾಳದ ಹೊಳಪು ಇವೆಲ್ಲಕ್ಕಿಂತ ಮಿಗಿಲಾದದ್ದೇನೋ ನಿಜ, ಆದರೆ ಅದು ಆರ್ಸೆನಿಕ್ ಇರುವ ಖನಿಜ. ಮಕ್ಕಳ ಕೈಗೆ ಕೊಡತಕ್ಕದ್ದಲ್ಲ.

ಕಲೆಯನ್ನೂ ಮಕ್ಕಳ ಕಲಿಕೆಯನ್ನೂ ಹೆಣೆದ ಶಿವರಾಮ ಕಾರಂತರ ಬಾಲವನವು ಪುತ್ತೂರಿನಲ್ಲಿದೆ, ಆಲಂಕಾರಿಗೆ ದೂರದ್ದಲ್ಲ. ಆ ಪರಂಪರೆಯ ನೆರಳಿನಲ್ಲಿ ಇಷ್ಟನ್ನು ಯಾವ ಹಳ್ಳಿಶಾಲೆಯೂ ಮಾಡಬಹುದು. ಕುರ್ದಿಯನ್ನು ಹಾಳೆಗೆ ಬಳಿದ ಮೇಲೆ ಹೆಬ್ಬಾರರ ಯಕ್ಷಗಾನದ ಚಿತ್ರವನ್ನು ಪಕ್ಕದಲ್ಲಿಡಬೇಕು. ಎರಡು ಕೆಂಪುಗಳ ಅಂತರವನ್ನು ಮಕ್ಕಳೇ ಹುಡುಕಲಿ. ಹಾಳೆಯ ಕೆಂಪಿನ ಮೇಲೆ ಒಂದು ಹನಿ ಲಿಂಬೆರಸ ಬಿದ್ದರೆ ಅದು ಮತ್ತೆ ‘ಮಂಜಲ್’ ಆಗುತ್ತದೆ.