ಯೆವ್ಗೆನಿ ಲೆಯೊನೊವ್: ನಗೆನಟನ ಇನ್ನೊಂದು ಮುಖ

ಚಲನಚಿತ್ರವೊಂದನ್ನು ನೋಡಿ ಮನೆಗೆ ಬಂದ ಮೇಲೆ ನಿಮಗೆ ಯಾರು ನೆನಪಾಗುತ್ತಾರೆ? ಎಷ್ಟೋ ಸಲ ನಾಯಕನ ಮುಖ ಮಸುಕಾಗಿ, ನಾಲ್ಕೇ ದೃಶ್ಯಗಳಲ್ಲಿ ಬಂದುಹೋದ ಅಡುಗೆಯವನೋ ಕಾವಲುಗಾರನೋ ಮನಸ್ಸಿನಲ್ಲಿ ಉಳಿದುಬಿಡುತ್ತಾನೆ. ಇಂಥ ಪಾತ್ರಗಳಿಗೆ ಜೀವ ತುಂಬುವವರನ್ನು ಪೋಷಕ ನಟರೆಂದು ಕರೆಯುತ್ತೇವೆ. ರಷ್ಯದ ಯೆವ್ಗೆನಿ ಲೆಯೊನೊವ್ ಆ ಸಾಲಿನಿಂದ ಬಂದ ಕಲಾವಿದರು.

1926ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಲೆಯೊನೊವ್, ಎರಡನೆಯ ಮಹಾಯುದ್ಧದ ದಿನಗಳಲ್ಲಿ ಇನ್ನೂ ಹುಡುಗನಾಗಿರುವಾಗಲೇ ವಿಮಾನ ಕಾರ್ಖಾನೆಯಲ್ಲಿ ದುಡಿದರು. ಬಳಿಕ ನಾಟಕ ಶಾಲೆ, ಅನಂತರ ಸ್ಟಾನಿಸ್ಲಾವ್‌ಸ್ಕಿ ಹೆಸರಿನ ರಂಗಮಂದಿರ. ಗಿಡ್ಡ ಆಳು, ದುಂಡನೆಯ ಮೈ, ಅಗಲ ಮುಖ, ತುಸು ಒಡೆದಂತಿದ್ದ ದನಿ. ನಾಯಕನಿಗೆ ಬೇಕೆಂದು ಜನ ಎಣಿಸುವ ಲಕ್ಷಣ ಒಂದೂ ಇರಲಿಲ್ಲ. ವರ್ಷಗಟ್ಟಲೆ ಹೆಚ್ಚಾಗಿ ಸಣ್ಣಪುಟ್ಟ ಪಾತ್ರಗಳೇ ಸಿಕ್ಕವು.

1961ರಲ್ಲಿ ‘ಪಟ್ಟೆಪಟ್ಟೆ ಪ್ರಯಾಣ’ ಎಂಬ ಅರ್ಥದ ಹೆಸರುಳ್ಳ ಹಾಸ್ಯಚಿತ್ರ ಬಂತು. ಊರಿಗೆ ಮರಳುವ ಆಸೆಯಿಂದ, ತಾನು ಹುಲಿ ಪಳಗಿಸುವವನೆಂದು ಸುಳ್ಳು ಹೇಳಿ ಹಡಗು ಹತ್ತುವ ಅಡುಗೆಯವನ ಪಾತ್ರ ಲೆಯೊನೊವ್ ಅವರದು. ಸ್ನಾನದ ತೊಟ್ಟಿಯಲ್ಲಿದ್ದಾಗ ಹುಲಿ ಎದುರಾಗುವ ದೃಶ್ಯವೊಂದಿದೆ. ನಡುವೆ ಗಾಜು ಇರುತ್ತದೆಂದು ನಟನಿಗೆ ಹೇಳಿದ್ದರಂತೆ. ಚಿತ್ರೀಕರಣಕ್ಕೆ ಅಡ್ಡಿಯೆಂದು ಆ ಗಾಜನ್ನೇ ತೆಗೆದರಂತೆ! ತೆರೆಯ ಮೇಲಿನ ಆ ಓಟದಲ್ಲಿ ಅಭಿನಯ ಎಷ್ಟು, ಪ್ರಾಣಭಯ ಎಷ್ಟು ಎಂಬುದನ್ನು ನೀವೇ ಊಹಿಸಿಕೊಳ್ಳಿ. ದೇಶವೆಲ್ಲ ನಕ್ಕಿತು.

ಇಲ್ಲಿಯೇ ಕಷ್ಟ ಶುರುವಾಗುವುದು. ಒಮ್ಮೆ ನಗಿಸಿದವನು ಅಳಿಸಲು ಹೊರಟರೆ ಪ್ರೇಕ್ಷಕರು ಒಪ್ಪುತ್ತಾರೆಯೇ? ಅದೇ ಚಿತ್ರದ ನಿರ್ದೇಶಕ ವ್ಲಾದಿಮಿರ್ ಫೆತಿನ್ ಧೈರ್ಯ ಮಾಡಿದರು. ಶೊಲೊಖೊವ್ ಅವರ ಕಥೆಗಳನ್ನು ಆಧರಿಸಿದ ‘ದೋನ್ ಕಥೆ’ಯಲ್ಲಿ (1964) ಅಂತರ್ಯುದ್ಧದ ಕೆಂಪು ಸೈನಿಕ ಶಿಬಾಲೊಕ್‌ನ ಪಾತ್ರವನ್ನು ಲೆಯೊನೊವ್‌ಗೆ ಕೊಟ್ಟರು. ತಾನು ಪ್ರೀತಿಸಿದ ಹೆಣ್ಣು ಶತ್ರುಗಳ ಬೇಹುಗಾರಳೆಂದು ತಿಳಿದಾಗ ಅವನು ಅವಳನ್ನು ಗುಂಡಿಟ್ಟು ಕೊಲ್ಲುತ್ತಾನೆ. ಅವಳು ಆಗತಾನೆ ಹೆತ್ತ ತನ್ನ ಮಗುವನ್ನು ಎತ್ತಿಕೊಂಡು ಹೊರಡುತ್ತಾನೆ. ಅದೇ ದುಂಡು ಮುಖ, ಅದೇ ಕಣ್ಣು. ಆದರೆ ನೋಡುವವರ ಗಂಟಲು ಕಟ್ಟುತ್ತದೆ. ನನ್ನ ಮಟ್ಟಿಗೆ ಅವರ ಎಲ್ಲ ಜನಪ್ರಿಯ ಚಿತ್ರಗಳಿಗಿಂತ ಇದೇ ದೊಡ್ಡದು. ಎರಡು ವರ್ಷಗಳ ಬಳಿಕ ಅವರು ರಂಗಭೂಮಿಯಲ್ಲಿ ‘ಆಂಟಿಗೊನೆ’ಯ ದೊರೆ ಕ್ರೆಯೋನನಾದರು.

‘ಅದೃಷ್ಟದ ಮಹನೀಯರು’ (1971) ಚಿತ್ರದಲ್ಲಿ ಅವರದು ದ್ವಿಪಾತ್ರ: ಶಿಶುವಿಹಾರದ ಸಾಧು ಮುಖ್ಯಸ್ಥ, ಅವನನ್ನೇ ಹೋಲುವ ಕ್ರೂರ ಕಳ್ಳ. ದ್ವಿಪಾತ್ರವೆಂದರೆ ಮೀಸೆ ಅಂಟಿಸಿಕೊಳ್ಳುವುದು ಎಂದುಕೊಂಡವರು ಇದನ್ನು ನೋಡಬೇಕು. ಕದ್ದ ಮಾಲಿನ ಸುಳಿವು ಹಿಡಿಯಲು ಸಾಧು ಮನುಷ್ಯ ಕಳ್ಳನ ವೇಷ ಹಾಕುತ್ತಾನೆ. ಹೀಗಾಗಿ ನಟ ಆಡಬೇಕಾದದ್ದು ಮೂರು ಮುಖ: ಒಳ್ಳೆಯವನು, ಕೆಟ್ಟವನು, ಕೆಟ್ಟವನಂತೆ ನಟಿಸಲು ಹೆಣಗುವ ಒಳ್ಳೆಯವನು. ಮಕ್ಕಳಿಗಂತೂ ಅವರ ಮುಖಕ್ಕಿಂತ ದನಿಯೇ ಹೆಚ್ಚು ಪರಿಚಿತ. ಫ್ಯೋದರ್ ಖಿತ್ರುಕ್ ಅವರ ವ್ಯಂಗ್ಯಚಲನಚಿತ್ರಗಳಲ್ಲಿ ವಿನ್ನಿ ಎಂಬ ಕರಡಿಮರಿಗೆ ಮಾತು ಕೊಟ್ಟವರು ಅವರೇ. ಧ್ವನಿಮುದ್ರಣದ ವೇಗ ಹೆಚ್ಚಿಸಿ ಆ ವಿಚಿತ್ರ ದನಿಯನ್ನು ಪಡೆದರು.

1988ರಲ್ಲಿ ನಾಟಕ ತಂಡದೊಡನೆ ಜರ್ಮನಿಯಲ್ಲಿದ್ದಾಗ ಲೆಯೊನೊವ್‌ಗೆ ತೀವ್ರ ಹೃದಯಾಘಾತವಾಯಿತು. ಹೃದಯ ನಿಂತೇಹೋಗಿತ್ತು. ಶಸ್ತ್ರಚಿಕಿತ್ಸೆಯಾಗಿ, ಅನೇಕ ದಿನ ಪ್ರಜ್ಞೆಯಿಲ್ಲದೆ ಮಲಗಿದ್ದ ಮನುಷ್ಯ ಮತ್ತೆ ರಂಗಕ್ಕೆ ಮರಳಿದರು. ಮಾಸ್ಕೋದ ಲೆನ್‌ಕೋಮ್ ರಂಗಮಂದಿರದ ‘ಸ್ಮರಣೆಯ ಪ್ರಾರ್ಥನೆ’ ನಾಟಕದಲ್ಲಿ ಹಾಲು ಮಾರುವ ಬಡ ಯಹೂದಿ ತೇವ್ಯೆಯ ಪಾತ್ರ ವಹಿಸಿದರು. ನಗು ಮತ್ತು ಅಳು ಒಂದೇ ಮಾತಿನಲ್ಲಿ ಬರುವ ಪಾತ್ರವದು.

1994ರ ಜನವರಿ 29ರಂದು ಅದೇ ನಾಟಕಕ್ಕೆ ಮನೆಯಿಂದ ಹೊರಡುವ ಸಿದ್ಧತೆಯಲ್ಲಿದ್ದಾಗ ಅವರು ತೀರಿಕೊಂಡರು. ನಟ ತೀರಿಕೊಂಡದ್ದರಿಂದ ಪ್ರದರ್ಶನ ರದ್ದಾಗಿದೆ ಎಂದು ನೆರೆದಿದ್ದ ಪ್ರೇಕ್ಷಕರಿಗೆ ತಿಳಿಸಲಾಯಿತು. ಯಾರೂ ಟಿಕೆಟ್ ಹಿಂದಿರುಗಿಸಲಿಲ್ಲವೆಂದು ಹೇಳುತ್ತಾರೆ. ಮೇಣದಬತ್ತಿ ಹಚ್ಚಿ ರಂಗಮಂದಿರದ ಬಳಿಯೇ ನಿಂತಿದ್ದರು.