ವೇಗಕ್ಕೆ ಬಿದ್ದ ದಂಡ, ಅನ್ನಕ್ಕೆ ಬಂದ ಕುತ್ತು
ಇಂಗ್ಲೆಂಡಿನಲ್ಲಿ ಟ್ಯಾಕ್ಸಿ ಚಾಲಕನ ಹಣೆಬರಹ ನಿರ್ಧರಿಸುವುದು ಊರಿನ ಕೌನ್ಸಿಲ್

ಮುಂಬಯಿಯಲ್ಲಿ ಹೋಟೆಲ್ ನಡೆಸುವ ನಮ್ಮವರಿಗೆ ಮಹಾನಗರ ಪಾಲಿಕೆಯ ಲೈಸೆನ್ಸ್ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಸಾಂಬಾರು ಎಷ್ಟೇ ರುಚಿಯಾಗಿರಲಿ, ಪಾಲಿಕೆಯ ಕಾಗದ ಗೋಡೆಯ ಮೇಲೆ ಇಲ್ಲದಿದ್ದರೆ ಗಲ್ಲಾದಲ್ಲಿ ಕೂರುವ ಧೈರ್ಯ ಯಾರಿಗೂ ಬಾರದು. ಆದರೆ ಅದೇ ಹೋಟೆಲಿನ ಎದುರು ನಿಂತ ಟ್ಯಾಕ್ಸಿಯ ಚಾಲಕನ ಲೈಸೆನ್ಸಿಗೂ ಪಾಲಿಕೆಗೂ ಸಂಬಂಧವಿಲ್ಲ. ಅವನ ಲೈಸೆನ್ಸ್ ಆರ್.ಟಿ.ಒ. ಕಚೇರಿಯದ್ದು, ಅತಿವೇಗದ ಚಲನ್ ಟ್ರಾಫಿಕ್ ಪೊಲೀಸರದ್ದು.

ಇಂಗ್ಲೆಂಡಿನಲ್ಲಿ ಪದ್ಧತಿ ಬೇರೆ. ಅಲ್ಲಿ ಟ್ಯಾಕ್ಸಿ ಓಡಿಸುವವನ ಬಳಿ ಎರಡು ಪರವಾನಿಗೆಗಳಿರಬೇಕು. ಒಂದು, ಎಲ್ಲ ವಾಹನ ಚಾಲಕರಿಗೂ ಇರುವ ಸಾಮಾನ್ಯ ಡ್ರೈವಿಂಗ್ ಲೈಸೆನ್ಸ್. ಇನ್ನೊಂದು, ಪ್ರಯಾಣಿಕರನ್ನು ಬಾಡಿಗೆಗೆ ಕರೆದೊಯ್ಯಲು ಸ್ಥಳೀಯ ಕೌನ್ಸಿಲ್, ಅಂದರೆ ಆ ಊರಿನ ನಗರಸಭೆ ಕೊಡುವ ಟ್ಯಾಕ್ಸಿ ಪರವಾನಿಗೆ. ಲಂಡನ್ನಿನಲ್ಲಿ ಮಾತ್ರ ಈ ಕೆಲಸವನ್ನು ನಗರದ ಸಾರಿಗೆ ಸಂಸ್ಥೆಯಾದ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್ ನೋಡಿಕೊಳ್ಳುತ್ತದೆ. ವೇಗದ ಮಿತಿ ಮೀರಿ ಸಿಕ್ಕಿಬಿದ್ದ ಚಾಲಕನಿಗೆ ದಂಡ ಕಟ್ಟಿದೊಡನೆ ವಿಷಯ ಮುಗಿಯುವುದಿಲ್ಲ. ಅವನ ಎರಡನೆಯ ಪರವಾನಿಗೆಯನ್ನು ಕೌನ್ಸಿಲ್ ಮತ್ತೊಮ್ಮೆ ಕೈಗೆತ್ತಿಕೊಂಡು ಪರಿಶೀಲಿಸಬಹುದು. ಅನೇಕ ಚಾಲಕರಿಗೆ ದಂಡದ ಹಣಕ್ಕಿಂತ ಈ ಪರಿಶೀಲನೆಯ ಭಯವೇ ದೊಡ್ಡದು.

ಕ್ಯಾಮೆರಾದಿಂದ ಕೌನ್ಸಿಲ್‌ವರೆಗೆ

ಬೀದಿದೀಪಗಳಿರುವ ಜನವಸತಿ ರಸ್ತೆಗಳಲ್ಲಿ ಇಂಗ್ಲೆಂಡಿನ ಸಾಮಾನ್ಯ ವೇಗಮಿತಿ ಗಂಟೆಗೆ 30 ಮೈಲಿ, ಅಂದರೆ ಸುಮಾರು 48 ಕಿಲೋಮೀಟರ್. ಕ್ಯಾಮೆರಾದಲ್ಲಿ ವೇಗ ದಾಖಲಾದರೆ ವಾಹನದ ನೋಂದಾಯಿತ ಮಾಲೀಕನಿಗೆ 14 ದಿನಗಳೊಳಗೆ ನೋಟೀಸು ತಲುಪಬೇಕು. ಆ ಹೊತ್ತಿನಲ್ಲಿ ಗಾಡಿ ಓಡಿಸುತ್ತಿದ್ದವರು ಯಾರು ಎಂದು ಮಾಲೀಕ 28 ದಿನಗಳೊಳಗೆ ತಿಳಿಸಬೇಕು. ವೇಗ ಮಿತಿಗಿಂತ ಸ್ವಲ್ಪವೇ ಹೆಚ್ಚಾಗಿದ್ದು, ಹಿಂದಿನ ಮೂರು ವರ್ಷಗಳಲ್ಲಿ ಅಂಥ ತರಬೇತಿ ಪಡೆಯದಿದ್ದರೆ, ಚಾಲಕನಿಗೆ ವೇಗದ ಅಪಾಯದ ಕುರಿತ ತರಗತಿಗೆ ಹಾಜರಾಗುವ ಅವಕಾಶ ಸಿಗಬಹುದು. ಇಲ್ಲವಾದರೆ 100 ಪೌಂಡ್ ದಂಡ ಮತ್ತು ಲೈಸೆನ್ಸಿನ ಮೇಲೆ 3 ಪಾಯಿಂಟ್. ಗಂಭೀರ ಪ್ರಕರಣಗಳು ನ್ಯಾಯಾಲಯಕ್ಕೆ ಹೋಗುತ್ತವೆ.

ಈ ಪಾಯಿಂಟ್‌ಗಳು ಹೋಟೆಲಿನ ಉದ್ರಿ ಪುಸ್ತಕದ ಲೆಕ್ಕದಂತೆ ಒಂದರ ಮೇಲೊಂದು ಸೇರುತ್ತಾ ಹೋಗುತ್ತವೆ. ಮೂರು ವರ್ಷಗಳ ಅವಧಿಯಲ್ಲಿ 12 ಪಾಯಿಂಟ್ ಆದರೆ ಕನಿಷ್ಠ ಆರು ತಿಂಗಳು ಯಾವ ವಾಹನವನ್ನೂ ಓಡಿಸುವಂತಿಲ್ಲ. ಇದು ಎಲ್ಲ ಚಾಲಕರಿಗೂ ಅನ್ವಯಿಸುವ ನಿಯಮ. ಆದರೆ ಟ್ಯಾಕ್ಸಿ ಚಾಲಕನಿಗೆ ಸಂಕಷ್ಟ 12ಕ್ಕಿಂತ ಮೊದಲೇ ಆರಂಭವಾಗುತ್ತದೆ. ಎಷ್ಟು ಪಾಯಿಂಟಿಗೆ ಚಾಲಕನನ್ನು ಕರೆದು ವಿಚಾರಿಸಬೇಕು ಎಂಬ ನೀತಿಯನ್ನು ಆಯಾ ಕೌನ್ಸಿಲ್‌ಗಳೇ ರೂಪಿಸಿಕೊಂಡಿವೆ. ಕೆಲವು ಕಡೆ 6 ಪಾಯಿಂಟಿಗೇ ಕರೆ ಬರುತ್ತದೆ, ಕೆಲವು ಕಡೆ 9ಕ್ಕೆ. ಹೀಗಾಗಿ ಒಂದೇ ಬಗೆಯ ತಪ್ಪಿಗೆ ಒಂದು ಊರಿನಲ್ಲಿ ಎಚ್ಚರಿಕೆಯ ಪತ್ರ ಬಂದರೆ, ಪಕ್ಕದ ಊರಿನಲ್ಲಿ ಸಮಿತಿಯ ಮುಂದೆ ನಿಲ್ಲಬೇಕಾದೀತು.

ಸಮಿತಿ ಕೇಳುವ ಪ್ರಶ್ನೆ

ಲಂಡನ್ ಹೊರತುಪಡಿಸಿ ಇಂಗ್ಲೆಂಡಿನ ಉಳಿದ ಬಹುತೇಕ ಭಾಗಗಳಲ್ಲಿ ಕೌನ್ಸಿಲ್‌ಗಳಿಗೆ ಈ ಅಧಿಕಾರ ದೊರೆತಿರುವುದು 1976ರ ಸ್ಥಳೀಯ ಆಡಳಿತ ಕಾಯ್ದೆಯ 61ನೇ ಕಲಮಿನಿಂದ. ಅಪ್ರಾಮಾಣಿಕತೆ, ಅಸಭ್ಯತೆ, ಹಿಂಸೆಯ ಅಪರಾಧಗಳಿಗೆ ಅಥವಾ 'ಬೇರಾವುದೇ ಸಮಂಜಸ ಕಾರಣ'ಕ್ಕೆ ಪರವಾನಿಗೆಯನ್ನು ಅಮಾನತುಗೊಳಿಸಲು, ರದ್ದುಪಡಿಸಲು ಅಥವಾ ನವೀಕರಿಸದಿರಲು ಆ ಕಲಮು ಅವಕಾಶ ಕೊಡುತ್ತದೆ. ಅತಿವೇಗದ ಪ್ರಕರಣಗಳು ಈ ಕೊನೆಯ ಮಾತಿನಡಿ ಬರುತ್ತವೆ. ವಿಚಾರಣೆ ಸಾಮಾನ್ಯವಾಗಿ ಚುನಾಯಿತ ಸದಸ್ಯರ ಚಿಕ್ಕ ಸಮಿತಿಯೊಂದರ ಮುಂದೆ ನಡೆಯುತ್ತದೆ. ಅಧಿಕಾರಿ ವರದಿ ಮಂಡಿಸುತ್ತಾರೆ, ಚಾಲಕ ತನ್ನ ಸಮಜಾಯಿಷಿ ಹೇಳಿಕೊಳ್ಳುತ್ತಾನೆ, ಬಯಸಿದರೆ ವಕೀಲರನ್ನೋ ಸಂಘದ ಪ್ರತಿನಿಧಿಯನ್ನೋ ಜತೆಗೆ ಕರೆತರುತ್ತಾನೆ.

ಸಮಿತಿ ಕೊನೆಗೆ ತೀರ್ಮಾನಿಸಬೇಕಾದುದು ಇಷ್ಟೇ: ಈ ವ್ಯಕ್ತಿ ಈ ಕೆಲಸಕ್ಕೆ ಯೋಗ್ಯನೇ? ಇದನ್ನು ಅಳೆಯುವುದು ಹೇಗೆ ಎಂಬುದಕ್ಕೆ ಬ್ರಿಟಿಷ್ ಸರಕಾರದ ಸಾರಿಗೆ ಇಲಾಖೆ 2020ರ ಜುಲೈನಲ್ಲಿ ಹೊರಡಿಸಿದ ಮಾನದಂಡಗಳಲ್ಲಿ ಒಂದು ಸರಳ ಪ್ರಶ್ನೆಯನ್ನು ಕೊಡಲಾಗಿದೆ. ನೀವು ಪ್ರೀತಿಸುವ ವ್ಯಕ್ತಿಯೊಬ್ಬರನ್ನು, ಅವರ ಸ್ಥಿತಿ ಹೇಗೇ ಇರಲಿ, ಹಗಲಾಗಲಿ ರಾತ್ರಿಯಾಗಲಿ, ಈ ಚಾಲಕನ ಗಾಡಿಯಲ್ಲಿ ಒಂಟಿಯಾಗಿ ಕಳುಹಿಸಲು ಒಪ್ಪುವಿರಾ ಎಂಬುದೇ ಅದರ ಸಾರ. ಒಪ್ಪಲಾರೆವು ಎನಿಸಿದರೆ ಪರವಾನಿಗೆ ಇರಕೂಡದು. ಕ್ರಿಮಿನಲ್ ನ್ಯಾಯಾಲಯದಂತೆ ಇಲ್ಲಿ ಸಂಶಯದ ಲಾಭ ಚಾಲಕನಿಗೆ ಸಿಗುವುದಿಲ್ಲ.

ಹಾಗೆಂದು ಒಂದು ಸಣ್ಣ ತಪ್ಪಿಗೇ ಎಲ್ಲ ಮುಗಿದುಹೋಗುವುದಿಲ್ಲ. ಸಂಚಾರ ನಿಯಮದ ತಪ್ಪುಗಳು ಉದ್ದೇಶವಿಲ್ಲದೆಯೂ ನಡೆಯುತ್ತವೆ, ಒಂದು ಬಾರಿಯ ಸಣ್ಣ ಅಪರಾಧಕ್ಕೆ ಪರವಾನಿಗೆ ಕಿತ್ತುಕೊಳ್ಳಬೇಕಾಗಿಲ್ಲ ಎಂದು ಅದೇ ಮಾನದಂಡಗಳು ಒಪ್ಪಿಕೊಳ್ಳುತ್ತವೆ. ಆದರೆ ತಪ್ಪು ಮತ್ತೆ ಮತ್ತೆ ನಡೆದರೆ, ಆತ ವೃತ್ತಿಪರ ಚಾಲಕನ ಹೊಣೆಯನ್ನು ಗಂಭೀರವಾಗಿ ತೆಗೆದುಕೊಂಡಿಲ್ಲ ಎಂದೇ ಅರ್ಥ.

ಹೆಂಡತಿ ಮಕ್ಕಳ ಮಾತು ನಡೆಯದು

ಈ ವ್ಯವಸ್ಥೆಯ ಅತ್ಯಂತ ಕಠಿಣ ಭಾಗ ಇರುವುದು ಇಲ್ಲಿ. ಒಬ್ಬ ಚಾಲಕನ ಉದಾಹರಣೆ ತೆಗೆದುಕೊಂಡರೆ, ಆತ ಮೂರು ವರ್ಷಗಳಲ್ಲಿ ನಾಲ್ಕು ಬಾರಿ ಸಿಕ್ಕಿಬಿದ್ದು 12 ಪಾಯಿಂಟ್ ಕೂಡಿಸಿಕೊಂಡಿದ್ದಾನೆ ಎಂದಿಟ್ಟುಕೊಳ್ಳೋಣ. ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಆತ, ತನ್ನ ಲೈಸೆನ್ಸ್ ಹೋದರೆ ಮನೆಸಾಲ ಕಟ್ಟಲಾಗದು, ಕಾಯಿಲೆಯ ತಂದೆತಾಯಿಗೆ ಬೇರೆ ದಿಕ್ಕಿಲ್ಲ ಎಂದು 'ಅಸಾಧಾರಣ ಕಷ್ಟ'ದ ವಾದ ಮುಂದಿಡಬಹುದು. ನ್ಯಾಯಾಲಯಕ್ಕೆ ಮನವರಿಕೆಯಾದರೆ ಡ್ರೈವಿಂಗ್ ಲೈಸೆನ್ಸ್ ಉಳಿಯಬಹುದು.

ಅದೇ ಮಾತನ್ನು ಕೌನ್ಸಿಲ್ ಸಮಿತಿಯ ಮುಂದೆ ಹೇಳಿದರೆ ಪ್ರಯೋಜನವಾಗದು. ಪರವಾನಿಗೆ ಪರಿಶೀಲನೆಯ ಉದ್ದೇಶ ಚಾಲಕನನ್ನು ಶಿಕ್ಷಿಸುವುದಲ್ಲ, ಪ್ರಯಾಣಿಕರನ್ನು ರಕ್ಷಿಸುವುದು. ಆದ್ದರಿಂದ ಚಾಲಕನ ಸಂಸಾರಕ್ಕಾಗುವ ತೊಂದರೆಯನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ ಎಂದು ಲೀಡ್ಸ್ ನಗರದ ಕೌನ್ಸಿಲ್‌ಗೆ ಸಂಬಂಧಿಸಿದ ಪ್ರಕರಣದಲ್ಲಿ ಹೈಕೋರ್ಟು 2002ರಲ್ಲಿ ತೀರ್ಪಿತ್ತಿದೆ. ತಪ್ಪು ನಡೆದ ಸಂದರ್ಭವನ್ನು ವಿವರಿಸಲು ಅಪರೂಪಕ್ಕೆ ಅಂಥ ಸಂಗತಿ ಬೇಕಾದೀತು, ಅಷ್ಟೇ. ಹೀಗೆ ಒಂದು ಬಾಗಿಲಲ್ಲಿ ಉಳಿದ ಚಾಲಕ ಇನ್ನೊಂದು ಬಾಗಿಲಲ್ಲಿ ಅನ್ನ ಕಳೆದುಕೊಳ್ಳುವ ಸಾಧ್ಯತೆ ಇದೆ.

ಇದು ಅನ್ಯಾಯವೆಂದು ಹೇಳುವ ಚಾಲಕರಿಗೂ ತಮ್ಮದೇ ಆದ ಕಾರಣಗಳಿವೆ. ಸಾಮಾನ್ಯ ಕಾರು ಮಾಲೀಕ ದಿನಕ್ಕೆ ಒಂದೆರಡು ಗಂಟೆ ರಸ್ತೆಯಲ್ಲಿದ್ದರೆ ಟ್ಯಾಕ್ಸಿಯವನು ಹತ್ತು ಹನ್ನೆರಡು ಗಂಟೆ ಇರುತ್ತಾನೆ. ಕ್ಯಾಮೆರಾದ ಕಣ್ಣಿಗೆ ಬೀಳುವ ಸಂಭವವೂ ಅಷ್ಟೇ ಹೆಚ್ಚು. ವಿಮಾನ ತಪ್ಪುತ್ತದೆ, ಬೇಗ ಬೇಗ ಎಂದು ಹಿಂದಿನ ಸೀಟಿನಿಂದ ಒತ್ತಾಯಿಸುವ ಪ್ರಯಾಣಿಕನ ಮೇಲೆ ಯಾವ ಪಾಯಿಂಟೂ ಬೀಳುವುದಿಲ್ಲ. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ.

ಆದರೆ ರಸ್ತೆಯ ಲೆಕ್ಕ ಬೇರೆಯೇ ಇದೆ. ಬ್ರಿಟನ್ನಿನ ಸಂಚಾರ ನಿಯಮಗಳ ಅಧಿಕೃತ ಕೈಪಿಡಿಯ ಪ್ರಕಾರ, 30 ಮೈಲಿ ವೇಗದಲ್ಲಿರುವ ಕಾರು ಅಪಾಯ ಕಂಡ ಕ್ಷಣದಿಂದ ಪೂರ್ತಿ ನಿಲ್ಲಲು 23 ಮೀಟರ್ ಬೇಕು. 40 ಮೈಲಿಯಲ್ಲಿ ಅದು 36 ಮೀಟರ್ ಆಗುತ್ತದೆ. ವೇಗ ಹೆಚ್ಚಿದ್ದು ಹತ್ತೇ ಮೈಲಿ, ಮುಂದೆ ಹೋಗಿದ್ದು 13 ಮೀಟರ್. ಮಗುವೊಂದು ಚೆಂಡಿನ ಹಿಂದೆ ರಸ್ತೆಗೆ ಓಡಿಬಂದಾಗ ಆ 13 ಮೀಟರ್‌ಗೆ ಯಾವ ಸಮಜಾಯಿಷಿಯೂ ಸಾಲದು.

ಮುಚ್ಚಿಟ್ಟರೆ ಇಮ್ಮಡಿ ತಪ್ಪು

ವೇಗದ ತಪ್ಪಿಗಿಂತ ಅದನ್ನು ಮುಚ್ಚಿಟ್ಟ ತಪ್ಪು ಚಾಲಕನಿಗೆ ಹೆಚ್ಚು ದುಬಾರಿಯಾಗಬಹುದು. ಯಾವುದೇ ಸಂಚಾರ ಅಪರಾಧಕ್ಕೆ ಶಿಕ್ಷೆಯಾದರೆ 48 ಗಂಟೆಗಳೊಳಗೆ ಚಾಲಕನೇ ಕೌನ್ಸಿಲ್‌ಗೆ ತಿಳಿಸುವ ನಿಯಮವಿರಬೇಕು ಎಂದು 2020ರ ಮಾನದಂಡಗಳು ಹೇಳುತ್ತವೆ. ತಾನಾಗಿ ಬಂದು ಹೇಳಿದವನ ಮೂರು ಪಾಯಿಂಟ್ ಬರೀ ವೇಗದ ಪ್ರಶ್ನೆ. ನವೀಕರಣದ ಹೊತ್ತಿನಲ್ಲಿ ಕೌನ್ಸಿಲ್ ತಾನೇ ಪತ್ತೆಹಚ್ಚಿದರೆ ಅದು ಪ್ರಾಮಾಣಿಕತೆಯ ಪ್ರಶ್ನೆಯಾಗುತ್ತದೆ.

ಇಷ್ಟು ಬಿಗಿ ಏಕೆ ಎಂಬುದಕ್ಕೆ ಹಿನ್ನೆಲೆ ಇದೆ. ರಾದರ್‌ಹ್ಯಾಮ್ ಪಟ್ಟಣದಲ್ಲಿ ಮಕ್ಕಳ ಮೇಲೆ ನಡೆದ ಲೈಂಗಿಕ ಶೋಷಣೆಯ ಬಗ್ಗೆ 2014 ಮತ್ತು 2015ರಲ್ಲಿ ಬಂದ ವರದಿಗಳು, ಟ್ಯಾಕ್ಸಿ ಪರವಾನಿಗೆ ವ್ಯವಸ್ಥೆಯ ಸಡಿಲಿಕೆಯನ್ನೂ ಬಯಲಿಗೆಳೆದವು. ಪ್ರಯಾಣಿಕರ ಸುರಕ್ಷತೆಯ ನಿಯಮಗಳು ಬಿಗಿಯಾಗತೊಡಗಿದ್ದು ಅಂದಿನಿಂದ. ಒಂದು ಊರಿನಲ್ಲಿ ಪರವಾನಿಗೆ ಕಳೆದುಕೊಂಡವನು ಅದನ್ನು ಬಚ್ಚಿಟ್ಟು ಇನ್ನೊಂದು ಊರಿನಲ್ಲಿ ಪಡೆಯುವ ಕಳ್ಳದಾರಿಯನ್ನು ಮುಚ್ಚಲು 2022ರಲ್ಲಿ ಪ್ರತ್ಯೇಕ ಕಾಯ್ದೆ ಬಂತು. ಸುರಕ್ಷತೆಯ ಕಾರಣಕ್ಕೆ ಮಾಡಿದ ನಿರಾಕರಣೆ, ಅಮಾನತು, ರದ್ದತಿಗಳನ್ನು ಇಂಗ್ಲೆಂಡಿನ ಎಲ್ಲ ಕೌನ್ಸಿಲ್‌ಗಳೂ ರಾಷ್ಟ್ರೀಯ ದಾಖಲೆಯಲ್ಲಿ ನಮೂದಿಸಬೇಕು. ಹೊಸ ಪರವಾನಿಗೆ ಕೊಡುವ ಮೊದಲು ಅದನ್ನು ನೋಡಲೇಬೇಕು. ಹೆಸರು ಅಲ್ಲಿ 11 ವರ್ಷ ಉಳಿಯುತ್ತದೆ.

ಚಾಲಕನಿಗೆ ಮೇಲ್ಮನವಿಯ ಹಕ್ಕೂ ಇದೆ. ಆದೇಶ ಕೈಸೇರಿದ 21 ದಿನಗಳೊಳಗೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಹೋಗಬಹುದು. ಸಾರ್ವಜನಿಕ ಸುರಕ್ಷತೆಗಾಗಿ ಆದೇಶ ತಕ್ಷಣ ಜಾರಿ ಎಂದು ಕೌನ್ಸಿಲ್ ಹೇಳದಿದ್ದರೆ, ಮೇಲ್ಮನವಿ ಇತ್ಯರ್ಥವಾಗುವವರೆಗೆ ಗಾಡಿ ಓಡಿಸಲು ಅಡ್ಡಿಯಿಲ್ಲ.

ನಮ್ಮಲ್ಲಿ ಹೇಗೆ?

ನಮ್ಮ ದೇಶದಲ್ಲಿ ಇಂಥ ಅಧಿಕಾರವೇ ಇಲ್ಲವೆಂದು ತಿಳಿಯಬಾರದು. 1988ರ ಮೋಟಾರು ವಾಹನ ಕಾಯ್ದೆಯ 19ನೇ ಕಲಮಿನಡಿ, ಚಾಲಕನ ಅಹವಾಲು ಕೇಳಿ, ಕಾರಣಗಳನ್ನು ಲಿಖಿತವಾಗಿ ದಾಖಲಿಸಿ ಲೈಸೆನ್ಸನ್ನು ಅಮಾನತುಗೊಳಿಸುವ ಅಥವಾ ರದ್ದುಪಡಿಸುವ ಅಧಿಕಾರ ಆರ್.ಟಿ.ಒ.ಗೆ ಇದೆ. ಯಾವ ತಪ್ಪುಗಳಿಗೆ ಎಂಬ ಪಟ್ಟಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಇದ್ದು, ಅತಿವೇಗವೂ ಅದರಲ್ಲಿ ಸೇರಿದೆ. ಆದೇಶದ ವಿರುದ್ಧ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಅತಿವೇಗಕ್ಕೆ ಕನಿಷ್ಠ ಮೂರು ತಿಂಗಳು ಲೈಸೆನ್ಸ್ ಅಮಾನತುಗೊಳಿಸುವಂತೆ ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲಿ ರಾಜ್ಯಗಳಿಗೆ ಸೂಚಿಸಿತ್ತು. 2019ರ ತಿದ್ದುಪಡಿಯ ಬಳಿಕ ಲಘು ವಾಹನದ ಅತಿವೇಗಕ್ಕೆ 1,000ದಿಂದ 2,000 ರೂಪಾಯಿ ದಂಡವಿದೆ. ಎರಡನೆಯ ಬಾರಿ ಸಿಕ್ಕಿಬಿದ್ದರೆ ಲೈಸೆನ್ಸನ್ನೇ ವಶಪಡಿಸಿಕೊಳ್ಳಲು ಅವಕಾಶವಿದೆ.

ವ್ಯತ್ಯಾಸ ಇರುವುದು ಪ್ರಶ್ನೆಯಲ್ಲಿ. ನಮ್ಮಲ್ಲಿ ಇ-ಚಲನ್ ಬಂದರೆ ಮೊದಲು ಏಳುವ ಮಾತು 'ಎಷ್ಟು ಕಟ್ಟಬೇಕು' ಎಂಬುದು. ಗಾಡಿ ಒಬ್ಬನದು, ಪಾಳಿಯಲ್ಲಿ ಓಡಿಸುವವನು ಇನ್ನೊಬ್ಬನಾದರೆ ಚಲನ್ ಹೋಗುವುದು ಮಾಲೀಕನ ಮೊಬೈಲಿಗೆ. ಪೊಲೀಸರು ಕೇಳಿದಾಗ ಚಾಲಕ ಯಾರೆಂದು ತಿಳಿಸುವುದು 133ನೇ ಕಲಮಿನಂತೆ ಮಾಲೀಕನ ಕರ್ತವ್ಯ. ಆದರೆ ಮಾಲೀಕ ಸುಮ್ಮನೆ ಹಣ ಕಟ್ಟಿ ಪಾಳಿಯವನ ಸಂಬಳದಲ್ಲಿ ಹಿಡಿದುಕೊಂಡರೆ, ಯಾರು ಓಡಿಸಿದರೆಂಬುದು ಎಲ್ಲೂ ದಾಖಲಾಗುವುದಿಲ್ಲ. ವೇಗ ಮಾತ್ರ ಹಾಗೆಯೇ ಉಳಿಯುತ್ತದೆ. ವೈದ್ಯಕೀಯ ಶಿಬಿರ, ಪುಸ್ತಕ ವಿತರಣೆಗಳನ್ನು ವರ್ಷ ವರ್ಷವೂ ನಡೆಸುವ ನಮ್ಮ ಸಂಘ ಸಂಸ್ಥೆಗಳು, ವಾಹನ ನಡೆಸಿ ಬದುಕುವ ಸದಸ್ಯರಿಗೆ ಈ ಕಲಮುಗಳನ್ನು ಕನ್ನಡದಲ್ಲಿ ತಿಳಿಸಿಕೊಡುವ ಒಂದು ದಿನದ ಮಾಹಿತಿ ಶಿಬಿರವನ್ನು ಏರ್ಪಡಿಸಿದರೆ ಅನೇಕರಿಗೆ ಉಪಕಾರವಾದೀತು.

ಮಕ್ಕಳನ್ನು ನೋಡಲು ಇಂಗ್ಲೆಂಡಿಗೆ ಹೋಗಿಬರುವ ಹಿರಿಯರೂ ಒಂದು ಸಂಗತಿ ನೆನಪಿಡುವುದು ಒಳ್ಳೆಯದು. ಅಲ್ಲಿ ಖಾಸಗಿ ಬಾಡಿಗೆ ಕಾರನ್ನು ಮುಂಚಿತವಾಗಿ ಕಾಯ್ದಿರಿಸಿಯೇ ಹತ್ತಬೇಕು. ಗಾಡಿಯ ಪರವಾನಿಗೆ ಸಂಖ್ಯೆ, ಚಾಲಕನ ಬ್ಯಾಜು ನೋಡಿ ಗುರುತು ಹಾಕಿಕೊಂಡರೆ, ಚಾಲಕ ಅಡ್ಡಾದಿಡ್ಡಿ ಓಡಿಸಿದಾಗ ಪರವಾನಿಗೆ ಕೊಟ್ಟ ಕೌನ್ಸಿಲ್‌ಗೇ ದೂರು ಕೊಡಬಹುದು.

ಟ್ಯಾಕ್ಸಿ ಚಾಲಕನ ಅನ್ನ ದೊಡ್ಡದು, ಪ್ರಯಾಣಿಕನ ಜೀವ ಅದಕ್ಕಿಂತ ದೊಡ್ಡದು. ಇವೆರಡರ ನಡುವೆ ತಕ್ಕಡಿ ಹಿಡಿಯುವ ಕೆಲಸ ಅಲ್ಲಿಯ ಸಮಿತಿಗೂ ಸುಲಭವಲ್ಲ, ಇಲ್ಲಿಯ ಕಚೇರಿಗೂ ಸುಲಭವಲ್ಲ. ತಡರಾತ್ರಿ ಮಗಳನ್ನು ಟ್ಯಾಕ್ಸಿ ಹತ್ತಿಸಿ, ಆಕೆ ಮನೆ ಸೇರಿದ ಫೋನು ಬರುವವರೆಗೆ ಎಚ್ಚರವಿರುವ ಪ್ರತಿಯೊಬ್ಬ ತಂದೆತಾಯಿಗೂ ಆ ಸಮಿತಿ ಕೇಳುವ ಪ್ರಶ್ನೆ ಚೆನ್ನಾಗಿ ಗೊತ್ತು. ಸ್ಟೇರಿಂಗ್ ಹಿಡಿದವನೂ ಅದನ್ನು ದಿನಕ್ಕೊಮ್ಮೆ ತನ್ನಲ್ಲೇ ಕೇಳಿಕೊಂಡರೆ, ಯಾವ ಸಮಿತಿಯ ಮುಂದೆಯೂ ನಿಲ್ಲುವ ಪ್ರಮೇಯ ಬಾರದು.