ಶನಿವಾರ ಹತ್ತಿದವರು ಸೋಮವಾರ ಇಳಿದದ್ದು ಹೇಗೆ?

ಹೊಸೂರು: ‘ಹದಿನೇಳು ಗಂಟೆ ಪ್ರಯಾಣ ಅಂದ. ಶನಿವಾರ ರಾತ್ರಿ ಹತ್ತಿದ್ರೆ ಭಾನುವಾರ ಮಧ್ಯಾಹ್ನಕ್ಕೆ ಬರ್ಬೇಕಲ್ಲಪ್ಪ?’ ಅಮೆರಿಕದಲ್ಲಿ ಮಕ್ಕಳಿರುವ ನಮ್ಮ ಗಡಿಭಾಗದ ಮನೆಗಳಲ್ಲಿ ಈ ಲೆಕ್ಕ ನಡೆದೇ ಇರುತ್ತದೆ. ಲೆಕ್ಕ ತಪ್ಪಿತೋ, ಬಾಡಿಗೆ ಕಾರು ದೇವನಹಳ್ಳಿಯಲ್ಲಿ ಸುಮ್ಮನೆ ನಿಂತು ವೇಟಿಂಗ್ ಚಾರ್ಜ್ ಏರುತ್ತದೆ.

ಒಂದು ನಿಜವಾದ ವಿಮಾನವನ್ನೇ ತೆಗೆದುಕೊಳ್ಳೋಣ. ಏರ್ ಇಂಡಿಯಾ ಸ್ಯಾನ್‌ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಬಿಟ್ಟದ್ದು 2021ರ ಜನವರಿ 9, ಶನಿವಾರ. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಪೈಲಟ್‌ಗಳೆಲ್ಲ ಮಹಿಳೆಯರೇ ಇದ್ದುದರಿಂದ ದೇಶವೆಲ್ಲ ಸುದ್ದಿಯಾಗಿತ್ತು. ಹೊರಡುವ ವೇಳೆ ಅಲ್ಲಿನ ರಾತ್ರಿ 8.30. ಇಲ್ಲಿ ಇಳಿಯಲು ನಿಗದಿಯಾಗಿದ್ದದ್ದು 11ರ ಸೋಮವಾರ ಬೆಳಗಿನ ಜಾವ 3.45.

ನಡುವಿನ ಭಾನುವಾರ ಎಲ್ಲಿ ಹೋಯಿತು? ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮಗಿಂತ 13 ಗಂಟೆ 30 ನಿಮಿಷ ಹಿಂದೆ. ಅವರು ಹತ್ತುವಾಗಲೇ ಇಲ್ಲಿ ಭಾನುವಾರ ಬೆಳಿಗ್ಗೆ 10 ಗಂಟೆ. ಅದಕ್ಕೆ ಹದಿನೇಳೂಮುಕ್ಕಾಲು ಗಂಟೆ ಕೂಡಿಸಿ, ಸೋಮವಾರ ಬಂತು. ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಆಗ ಅಂತರ 12 ಗಂಟೆ 30 ನಿಮಿಷ. ಟಿಕೆಟ್‌ನಲ್ಲಿ ಹೊರಡುವ ವೇಳೆ ಅಲ್ಲಿನದು, ಇಳಿಯುವ ವೇಳೆ ಇಲ್ಲಿನದು. ಪಕ್ಕದಲ್ಲಿ ಸಣ್ಣದಾಗಿ ‘+2’ ಅಂತ ಇದ್ದರೆ ಹೊರಟ ತಾರೀಖಿಗೆ ಎರಡು ದಿನ ಸೇರಿಸಬೇಕು. ಕಾರು ಹೇಳುವ ಮುನ್ನ ಅದನ್ನೊಂದು ನೋಡಿದರೆ ಸಾಕು.

ಇನ್ನು ದೂರ. ಈ ಎರಡು ನಿಲ್ದಾಣಗಳ ನಡುವೆ ನೇರ ಅಂತರ ಸುಮಾರು 14,000 ಕಿ.ಮೀ. ಶಾಲೆಯ ಗೋಡೆಯ ನಕ್ಷೆ ನೋಡಿದರೆ ಪೆಸಿಫಿಕ್ ಸಾಗರ ದಾಟಿಯೇ ಹೋಗಬೇಕು ಅನ್ನಿಸುತ್ತದೆ. ಆದರೆ ಗ್ಲೋಬ್ ಮೇಲೆ ದಾರ ಎಳೆದು ಹಿಡಿಯಿರಿ, ಅದು ಉತ್ತರ ಧ್ರುವದ ಹತ್ತಿರ ಹಾಯುತ್ತದೆ. ಎರಡು ಊರುಗಳು ಭೂಮಿಯ ಹೆಚ್ಚೂಕಮ್ಮಿ ಎದುರುಬದುರು ಮಗ್ಗುಲಿನಲ್ಲಿರುವುದೇ ಕಾರಣ. ಜೋಯಾ ತಂಡ ಬಂದದ್ದೂ ಆ ಧ್ರುವದ ದಾರಿಯಲ್ಲೇ.

ಹೋಗುವಾಗ ಲೆಕ್ಕವೇ ಬೇರೆ. ಮೇಲ್ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾಗಿ ಬೀಸುತ್ತದೆ. ಪೆಸಿಫಿಕ್ ಮೇಲೆ ಪೂರ್ವಕ್ಕೆ ಹೋದರೆ ದೂರ ಹೆಚ್ಚಾದರೂ ಗಾಳಿ ಬೆನ್ನಿಗಿದ್ದು 16 ಗಂಟೆಯಲ್ಲಿ ಮುಟ್ಟಬಹುದು. ಚಳಿಗಾಲದಲ್ಲಿ ಮಧ್ಯಾಹ್ನ 2.30ಕ್ಕೆ ಇಲ್ಲಿಂದ ಹೊರಟವರು ಅದೇ ದಿನ ಸಂಜೆ 5ಕ್ಕೆ ಅಲ್ಲಿ! ಗಡಿಯಾರ ನಂಬಿದರೆ ಎರಡೂವರೆ ಗಂಟೆಯ ಪ್ರಯಾಣ.

ಆಕಾಶದ ದಾರಿಯೂ ಯಾವಾಗಲೂ ಒಂದೇ ಇರುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ತನ್ನ ವಾಯುಮಾರ್ಗ ಮುಚ್ಚಿದಾಗ ದೆಹಲಿಯಿಂದ ಅಮೆರಿಕಕ್ಕೆ ಹೋಗುವವು ಸುತ್ತಿಕೊಂಡು ಹಾರಬೇಕಾಯಿತು. ಊರು ಅಲ್ಲೇ ಇತ್ತು, ಗಂಟೆ ಜಾಸ್ತಿಯಾಯಿತು. ನಡುವೆ ವಿಮಾನ ಬದಲಿಸುವವರಂತೂ ಹಾರುವ ಗಂಟೆಗಿಂತ ಕಾಯುವ ಗಂಟೆಯನ್ನು ಮೊದಲು ನೋಡಬೇಕು. ಅಗ್ಗದ ಟಿಕೆಟ್‌ನ ಗುಟ್ಟು ಎಷ್ಟೋ ಸಲ ಅಲ್ಲೇ ಇರುತ್ತದೆ.

ಹೊಸೂರಿನವರಿಗೆ ಕೊನೆಯದೊಂದು ಪ್ರಯಾಣ ಉಂಟು. ವಿಮಾನ ನಿಲ್ದಾಣ ಬೆಂಗಳೂರಿನ ಆಚೆ ತುದಿಯಲ್ಲಿ, ನಾವು ಈಚೆ ತುದಿಯಲ್ಲಿ. ಜಾವದ ವಿಮಾನಕ್ಕೆ ನಡುರಾತ್ರಿ ಅತ್ತಿಬೆಲೆ ದಾಟಿದರೆ ಸಿಲ್ಕ್ ಬೋರ್ಡ್, ಹೆಬ್ಬಾಳ ಎರಡೂ ಖಾಲಿ. ಮಧ್ಯಾಹ್ನದ ವಿಮಾನಕ್ಕೆ ಕಳಿಸಿಕೊಡುವವರು ಮಾತ್ರ ಬೆಳಿಗ್ಗೆ ಆಫೀಸಿನವರು ರಸ್ತೆಗಿಳಿಯುವ ಮೊದಲೇ ಹೊರಡಬೇಕು.